ಎರೆಭೂತದ ಮೊಟ್ಟೆಗೆ ಹಾಕಿದ ಬೇಲಿ

ಎಪ್ಪತ್ತರ ದಶಕದ ನಡುವಿನಲ್ಲಿ ಅಣ್ಣಿಗೇರಿ ಹತ್ತಿರದ ಹಳ್ಳಿಯೊಂದರ ಕನ್ನಡ ಶಾಲೆಗೆ ನಾನು ಹೊಸದಾಗಿ ಅಕ್ಕೋರಾಗಿ ಹೋದೆ. ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ. ಊರಾಚೆ ದನ ಮೇಯುವ ಗಾಯರಾಣ, ಕಣ್ಣು ಹಾಯುವಷ್ಟು ದೂರ ಬರೀ ಹುಲ್ಲು. ಇಷ್ಟು ನೆಲ ಹಾಳು ಬಿದ್ದಿದೆಯಲ್ಲ ಎಂದು ನನಗೆ ಸಂಕಟ. ಮಳೆ ಶುರುವಾದದ್ದೇ ತಡ, ಮಕ್ಕಳನ್ನು ಕಟ್ಟಿಕೊಂಡು ಹೋಗಿ ಸಾಲಾಗಿ ನೀಲಗಿರಿ ಸಸಿ ನೆಟ್ಟು, ಒಂದೊಂದಕ್ಕೂ ಜಾಲಿಮುಳ್ಳಿನ ಬೇಲಿ ಹಾಕಿಸಿದೆ. ಕೈಯೆಲ್ಲ ಗೀರಿಹೋಗಿತ್ತು, ಜಂಬವೇನೂ ಕಡಿಮೆಯಿರಲಿಲ್ಲ.

ಹದಿನೈದು ದಿನ ಕಳೆದಿರಬಹುದು. ಎಮ್ಮೆಗೆ ಹುಲ್ಲು ಕೊಯ್ಯಲು ಅಲ್ಲಿಗೆ ಹೋಗುತ್ತಿದ್ದ ಮುದುಕಿಯೊಬ್ಬಳು ಶಾಲೆಯ ಬಾಗಿಲಿಗೆ ಬಂದು ನಿಂತಳು.

“ಅಕ್ಕಾರ, ಎರಿಬೂತ ತತ್ತಿ ಇಟ್ಟೈತ್ರಿ. ಹುಡುಗೂರನ್ನ ಆ ಕಡೆ ಬಿಡಬ್ಯಾಡ್ರಿ.”

ಎರೆಭೂತ ಸೊಂಟದೆತ್ತರದ ಹಕ್ಕಿ. ಆಗಲೇ ಅಪರೂಪವಾಗಿತ್ತು. ಗೂಡು ಕಟ್ಟದೆ, ಬಯಲಿನ ಬರಿ ನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಹುಲ್ಲು ಕೊಯ್ಯುವ ಹೆಂಗಸರು ಅದನ್ನು ಕಂಡರೆ ಆ ಜಾಗ ಬಿಟ್ಟು, ಕುಡಗೋಲು ಬೇರೆ ಕಡೆ ತಿರುಗಿಸುತ್ತಿದ್ದರು. ಅವರ ಕಾವಲು ಅಷ್ಟೇ.

ನನಗೆ ಅಷ್ಟು ಸಾಲಲಿಲ್ಲ. ದನ ತುಳಿದರೆ? ನಾಯಿ ಬಂದರೆ? ಸಂಜೆ ಹಕ್ಕಿ ಮೇಯಲು ಹೋಗಿದ್ದಾಗ ಮೊಟ್ಟೆಯ ಸುತ್ತಲೂ ಮುಳ್ಳು ಹಾಕಿದೆ. ಹಕ್ಕಿ ಒಳಹೋಗಲೆಂದು ಒಂದು ಕಡೆ ಬಾಗಿಲಿನಂತೆ ಜಾಗ ಬೇರೆ ಬಿಟ್ಟೆ. ಎಂಥ ಜಾಣೆ ನಾನು!

ಮರುದಿನ ಬೆಳಗ್ಗೆ ಹೋದರೆ ಹಕ್ಕಿ ದೂರದಲ್ಲಿ ಕತ್ತು ಚಾಚಿ ನಿಂತಿತ್ತು. ಬೇಲಿಯ ಕಡೆ ನಾಲ್ಕು ಹೆಜ್ಜೆ ಬರುವುದು, ನಿಲ್ಲುವುದು, ಹಿಂದೆ ಸರಿಯುವುದು. ಮಧ್ಯಾಹ್ನದ ಬಿಡುವಿನಲ್ಲಿ ಮತ್ತೆ ಓಡಿದೆ. ಇನ್ನೂ ಹಾಗೇ. ಮಗ್ಗಿ ಹೇಳಿಸುತ್ತ ನಾನೇ ಎರಡು ಸಲ ತಪ್ಪಿದೆ. ಸಂಜೆ ಹೋದಾಗ ಮುದುಕಿ ಹುಲ್ಲಿನ ಹೊರೆ ಕೆಳಗಿಟ್ಟು ಬೇಲಿಯನ್ನೇ ನೋಡುತ್ತಿದ್ದಳು.

“ಯಾರ ಹಾಕ್ಯಾರ್ರಿ ಇದನ್ನ?”

“ನಾನ, ಆಯಿ. ತತ್ತಿ ಕಾಯಾಕ.”

“ಅಯ್ಯ ನನ್ನವ್ವಾ! ತತ್ತಿ ಮ್ಯಾಲೆ ಕುಂತಾಗ ಅದಕ್ಕ ನಾಕೂ ದಿಕ್ಕು ಕಾಣಬೇಕ್ರಿ. ಅಡ್ಡ ಏನರ ಇದ್ರ ಅದು ಕುಂದ್ರೂದಿಲ್ಲ.”

ಇಬ್ಬರೂ ಸೇರಿ ಮುಳ್ಳು ಎಳೆದು ಹಾಕಿದೆವು. ಇನ್ನು ಮೂರು ದಿನ ಈ ಕಡೆ ಹಣಿಕಿ ಹಾಕಿ ನೋಡಲೂಬೇಡಿ ಎಂದಳು. ಆ ಮೂರು ದಿನ ಹೇಗೆ ಕಳೆದೆನೋ ನನಗೇ ಗೊತ್ತು. ಊಟ ಸೇರಲಿಲ್ಲ. ಕಾಲುಗಳು ತಾವಾಗಿಯೇ ಗಾಯರಾಣದ ದಾರಿ ಹಿಡಿಯುತ್ತಿದ್ದವು. ಅರ್ಧಕ್ಕೆ ಹೋಗಿ ನನ್ನನ್ನು ನಾನೇ ಬೈದುಕೊಳ್ಳುತ್ತ ತಿರುಗಿ ಬರುತ್ತಿದ್ದೆ.

ನಾಲ್ಕನೆಯ ದಿನ ಮುದುಕಿಯೇ ಬಂದಳು. ಸೆರಗಿನಲ್ಲಿ ಮೊಟ್ಟೆಯಿತ್ತು. ಮುಟ್ಟಿದೆ, ತಣ್ಣಗಿತ್ತು.

“ಹಕ್ಕಿ ಬಿಟ್ಟು ಹೋತ್ರಿ.”

ನಾನು ಅತ್ತುಬಿಟ್ಟೆ. ಆಕೆ ಬಯ್ಯಲಿಲ್ಲ. “ಇದು ಹ್ವಾದ್ರ ಹೋತು. ನಿಮ್ಮ ಸಸಿ ಎತ್ತರ ಬೆಳದ್ವಂದ್ರ, ಅಕ್ಕಾರ, ಅದು ಮುಂದ ಎಲ್ಲಿ ಕುಂದರಬೇಕು?” ಎಂದು ಕೇಳಿದಳು.

ರಾತ್ರಿಯೆಲ್ಲ ಹೊರಳಾಡಿದೆ. ಬೆಳಗ್ಗೆ ಹೆಡ್ ಮಾಸ್ತರರ ಎದುರು, ಮಕ್ಕಳ ಎದುರು ತಪ್ಪು ನನ್ನದೆಂದು ಒಪ್ಪಿಕೊಂಡೆ. ಆಮೇಲೆ ಎಲ್ಲರೂ ಗಾಯರಾಣಕ್ಕೆ ಹೋದೆವು. ಮೊದಲ ಸಸಿಗೆ ಕೈ ಹಾಕುತ್ತಿದ್ದಂತೆ ಅದನ್ನು ನೆಟ್ಟಿದ್ದ ಹುಡುಗಿ ನನ್ನ ಸೀರೆ ಹಿಡಿದುಕೊಂಡಳು.

“ಇದು ಚಿಗತೈತ್ರಿ, ಅಕ್ಕಾರ.”

ಹೌದು, ಚಿಗುರಿತ್ತು. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಬುಡಕ್ಕೆ ಕೈ ಹಾಕಿ ಕಿತ್ತೆ.