ಕಂಬಳಿಯ ಮೇಲೆ ಹೊರಿಸಿದ ಸಾವು

ನನ್ನ ತಮ್ಮ ಈರಣ್ಣ ಸತ್ತದ್ದು ಕಂಬಳಿಯಿಂದಲ್ಲ, ನನ್ನಿಂದ. ಟ್ರ್ಯಾಕ್ಟರಿನ ಹಿಂದೆ ತಿರುಗುವ ದಂಡದ ಮುಚ್ಚಳವನ್ನು ಬಿಚ್ಚಿ ಎಸೆದವನು ನಾನು. ದಂಡ ತಿರುಗುತ್ತಿರುವಾಗಲೇ ಅದನ್ನು ದಾಟಿ ಬಾ ಎಂದು ಅವನನ್ನು ಕರೆದವನೂ ನಾನು. ಅವನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ, ಯಾರೂ ಇಲ್ಲದಾಗ, ಆ ಮುಚ್ಚಳವನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದವನೂ ನಾನೇ. ಆಮೇಲೆ ಊರೆಲ್ಲ ಕಂಬಳಿ, ಕಂಬಳಿ ಅಂದಾಗ — ಹೌದೆಂದು ತಲೆಯಾಡಿಸಿದೆ.

ನಮ್ಮ ಹೊಲ ದೊಡ್ಡಉಳ್ಳಾರ್ತಿಯ ಕಾವಲಿನ, ಕುರಿ ಮೇಯುವ ಹುಲ್ಲುಬಯಲಿನ, ಅಂಚಿಗಿದೆ. ಈರಣ್ಣನಿಗೆ ಕುರಿ, ನನಗೆ ಬೇಸಾಯ ಎಂದು ಮೊದಲಿನಿಂದಲೂ ಹಂಚಿಕೆಯಾಗಿತ್ತು. ಸಣ್ಣ ಹೊಲಕ್ಕೆ ಸಾಕೆಂದು ಚಿಕ್ಕ ಟ್ರ್ಯಾಕ್ಟರ್ ತಂದೆ. ಶೇಂಗಾ ಕಿತ್ತ ಮೇಲೆ ಬಳ್ಳಿಯಿಂದ ಕಾಯಿ ಬಿಡಿಸುವ ಯಂತ್ರವನ್ನು ಅದರ ಹಿಂದೆ ಕಟ್ಟುತ್ತಿದ್ದೆವು. ನಿಮ್ಮ ಮನೆಯಲ್ಲೂ ಇಂಥ ಗಾಡಿ ಇದ್ದೀತು, ಆದ್ದರಿಂದ ಸರಿಯಾಗಿ ಹೇಳುತ್ತೇನೆ. ಇಂಜಿನ್ನಿನ ಬಲವನ್ನು ಹಿಂದಿನ ಯಂತ್ರಕ್ಕೆ ಮುಟ್ಟಿಸುವುದು ಒಂದು ಕಬ್ಬಿಣದ ದಂಡ. ಸೀಟಿನ ಪಕ್ಕದ ಲಿವರ್ ಎಳೆದರೆ ಅದು ತಿರುಗುತ್ತದೆ, ವಾಪಸ್ ತಳ್ಳಿದರೆ ನಿಲ್ಲುತ್ತದೆ. ದಂಡದ ಸುತ್ತ ಮುಚ್ಚಳವಾಗಿ ಪ್ಲಾಸ್ಟಿಕ್ಕಿನ ಕೊಳವೆಯೊಂದು ಇರುತ್ತದೆ. ಒಳಗೆ ದಂಡ ಎಷ್ಟೇ ಜೋರಾಗಿ ತಿರುಗಲಿ, ಕೊಳವೆ ನಿಂತೇ ಇರುತ್ತದೆ. ಬಟ್ಟೆ ತಾಗಿದರೂ ಜಾರಿ ಹೋಗುತ್ತದೆ. ಕೊಳವೆ ಇಲ್ಲದ ದಂಡಕ್ಕೆ ಬಟ್ಟೆಯ ಒಂದು ಎಳೆ ಸಿಕ್ಕರೆ ಸಾಕು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಟ್ಟೆಯನ್ನೂ ತೊಟ್ಟವನನ್ನೂ ಎಳೆದುಕೊಳ್ಳುತ್ತದೆ.

ಇದೆಲ್ಲ ನನಗೆ ಆಗಲೇ ಗೊತ್ತಿತ್ತು. ಗಾಡಿ ಕೊಟ್ಟವರು ಹೇಳಿದ್ದರು. ಆದರೂ ಅವನು ಸಾಯುವ ಹಿಂದಿನ ದಿನ ದಂಡದ ಕೀಲಿಗೆ ಗ್ರೀಸ್ ಹಾಕಲು ಕೊಳವೆ ಬಿಚ್ಚಿದವನು, ಮತ್ತೆ ಕೂರಿಸಲು ಬೇಸರವಾಗಿ ಬದುವಿನ ಜಾಲಿಯ ಬುಡಕ್ಕೆ ಎಸೆದೆ. ಅದು ಸ್ವಲ್ಪ ಬಿರುಕು ಬಿಟ್ಟು ಗಡಗಡ ಅನ್ನುತ್ತಿತ್ತು. ಆ ಸದ್ದು ತಪ್ಪಿತು ಎಂದು ಖುಷಿಯೂ ಪಟ್ಟೆ.

ಮರುದಿನ ಬೆಳಗ್ಗೆ ಬಹಳ ಚಳಿ, ಕಾವಲಿನ ಮೇಲೆ ಮಂಜು. ಈರಣ್ಣನಿಗೆ ಮೈ ಬಿಸಿಯಿತ್ತು, ಆದರೂ ಕುರಿದೊಡ್ಡಿಯಿಂದ ಮನೆಗೆ ಬಂದವನೇ ಹೊಲಕ್ಕೆ ಹೊರಟ. ಅವನ ಹೆಂಡತಿ ಲಕ್ಷ್ಮವ್ವ ಬಾಗಿಲಿಗೆ ಬಂದು ಕಂಬಳಿ ಹೊದಿಸಿದಳು. ನಾನು ಅಂಗಳದಲ್ಲೇ ಇದ್ದೆ. "ಚಳಿ ಐತೆ, ಹೊದ್ಕೊಂಡು ಹೋಗ್ರಿ" ಅಂದಳು. ಅಷ್ಟೇ ಅವಳು ಮಾಡಿದ್ದು.

ಹೊಲದಲ್ಲಿ ಅವನು ಎಂದಿನಂತೆ ನನ್ನ ಗಾಡಿಯನ್ನು ಹಂಗಿಸಿದ. ಬ್ಯಾಟರಿ ಸೋತಿತ್ತು, ನಾಲ್ಕು ಜನ ತಳ್ಳಿದ ಮೇಲೇ ಇಂಜಿನ್ ಹತ್ತಿದ್ದು. "ಅಣ್ಣ, ಇದಕ್ಕಿಂತ ನಮ್ಮ ಟಗರು ವಾಸಿ ಕಣೋ. ಅದನ್ನ ಯಾರೂ ತಳ್ಳಂಗಿಲ್ಲ, ಅದೇ ಎಲ್ಲಾರ್ನೂ ತಳ್ತೈತೆ" ಅಂದ. ಕೂಲಿಯವರೆಲ್ಲ ನಕ್ಕರು. ನಾನೂ ನಕ್ಕೆ.

ಸ್ವಲ್ಪ ಹೊತ್ತಿಗೆ ಯಂತ್ರದ ಬಾಯಿಗೆ ಹಸಿ ಬಳ್ಳಿ ಸಿಕ್ಕಿಕೊಂಡಿತು. ಅದನ್ನು ಬಿಡಿಸಬೇಕಾದ ಈರಣ್ಣ ದಂಡದ ಆ ಕಡೆ ಇದ್ದ, ನಾನು ಸೀಟಿನ ಮೇಲಿದ್ದೆ. ಸುತ್ತು ಹಾಕಿ ಬರಲು ಬಳ್ಳಿಯ ರಾಶಿ ಅಡ್ಡ. ಅವನು ನನ್ನ ಕಡೆ ನೋಡಿದ, ಆರಿಸುತ್ತೀಯಾ ಅನ್ನುವ ಹಾಗೆ. ಆರಿಸಿದರೆ ಮತ್ತೆ ತಳ್ಳಬೇಕಲ್ಲ ಎಂದು ನಾನು ಕೂಗಿದೆ —

"ಆರಿಸಲ್ಲ ಲೇ, ಹಂಗೇ ದಾಟ್ಕೊಂಡು ಬಾ."

ಅವನು ಬಂದ. ನಾನು ಹೇಳಿದೆನೆಂದು ಬಂದ.

ಉಳಿದದ್ದನ್ನು ಬರೆಯಲಾರೆ. ಒಂದು ಮಾತು ಮಾತ್ರ ಬರೆಯಲೇಬೇಕು. ಇಂಜಿನ್ ಆರಿಸುವ ಅಗತ್ಯವೇ ಇರಲಿಲ್ಲ. ಇಂಜಿನ್ ಓಡುತ್ತಿದ್ದ ಹಾಗೇ, ಲಿವರ್ ತಳ್ಳಿದ್ದರೆ ದಂಡ ನಿಲ್ಲುತ್ತಿತ್ತು. ಆ ಲಿವರ್ ನನ್ನ ಕೈಯ ಪಕ್ಕದಲ್ಲೇ ಇತ್ತು. ಅವನು ಕೂಗಿದ ಮೇಲೆ ಅದನ್ನೇ ತಳ್ಳಿದೆನಲ್ಲ — ಅವನು ಕೂಗುವ ಮೊದಲು ತಳ್ಳಲಿಲ್ಲ.

ಕುಡುಗೋಲಿನಿಂದ ಕಂಬಳಿ ಕೊಯ್ದು ಅವನನ್ನು ಬಿಡಿಸಿದೆವು. ಊರಿನ ಟೆಂಪೊ ಬಂತು. ಲಕ್ಷ್ಮವ್ವ ಓಡಿ ಬಂದು ಹತ್ತಿದಳು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಗಂಡಸರೆಲ್ಲ ಹತ್ತಿದರು, ಕೂಲಿ ಹೆಂಗಸರು ಊರ ಕಡೆ ಓಡಿದರು. ನನಗೂ ಜಾಗ ಬಿಟ್ಟಿದ್ದರು. ಗಾಡಿ ನಿಲ್ಲಿಸಿ ಹಿಂದೆ ಬರ್ತೀನಿ, ನೀವು ನಡೀರಿ ಎಂದು ಕಳಿಸಿಬಿಟ್ಟೆ.

ಟೆಂಪೊ ಕಣ್ಮರೆಯಾಗುವ ಮೊದಲೇ ನಾನು ಜಾಲಿಯ ಬುಡಕ್ಕೆ ಹೋಗಿದ್ದೆ. ದಂಡವನ್ನು ಕಳಚಿ, ಒರೆಸಿ, ಕೊಳವೆ ತೊಡಿಸಿ, ಮತ್ತೆ ಜೋಡಿಸಿದೆ. ಹಿಂದಿನ ದಿನ ಬೇಸರವಾಗಿದ್ದ ಕೆಲಸ. ಎಷ್ಟು ಬೇಗ ಮುಗಿಯಿತೆಂದರೆ — ಅಷ್ಟು ಬೇಗ ಮುಗಿಯುವ ಕೆಲಸವಾಗಿತ್ತು ಅದು. ಆಸ್ಪತ್ರೆಯಿರುವ ಚಳ್ಳಕೆರೆಯ ಎಣ್ಣೆ ಗಿರಣಿಗಳು ಕಾಣುವ ಮೊದಲೇ ನನ್ನ ತಮ್ಮ ಲಕ್ಷ್ಮವ್ವನ ತೊಡೆಯ ಮೇಲೆ ಪ್ರಾಣ ಬಿಟ್ಟಿದ್ದ. ನಾನು ಆಗ ಸ್ಪ್ಯಾನರ್ ಹಿಡಿದಿದ್ದೆ.

ವಿಚಾರಿಸಲು ಬಂದ ಪೊಲೀಸರಿಗೆ ಮುಚ್ಚಳ ಜಾಗದಲ್ಲೇ ಕಂಡಿತು; ಮೊದಲು ಅದು ಇರಲಿಲ್ಲವೆಂಬುದನ್ನು ಕೂಲಿಯವರು ಯಾರೂ ಗಮನಿಸಿರಲಿಲ್ಲ. ಕಂಬಳಿಯ ಅಂಚು ಕೀಲಿನ ಸಂದಿಗೆ ಹೋಗಿರಬೇಕು ಅಂದರು. ಮಣ್ಣು ಮಾಡಿ ಬಂದ ದಿನ ಅವ್ವ ಎಲ್ಲರ ಮುಂದೆ ಲಕ್ಷ್ಮವ್ವನಿಗೆ ಅಂದಳು: "ನಿನ್ನ ಕೈಯಾರೆ ಹೊದಿಸಿ ಕಳಿಸಿದೆಯಲ್ಲೇ ನನ್ನ ಮಗನ್ನ." ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಆಗ ಬಾಯಿ ತೆರೆಯಬೇಕಿತ್ತು. ಅಂದಿನಿಂದ ಒಂದೇ ಮನೆಯಲ್ಲಿದ್ದೂ ಅವ್ವ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ, ಅವಳ ಕೈಯಿಂದ ನೀರು ತೆಗೆದುಕೊಳ್ಳಲಿಲ್ಲ. ಲಕ್ಷ್ಮವ್ವ ಎದುರು ಆಡಲಿಲ್ಲ. ಅವಳೂ ಅದನ್ನೇ ನಂಬಿದ್ದಳು.

ನಾನು ಟ್ರ್ಯಾಕ್ಟರ್ ಬಿಡಲಿಲ್ಲ. ಇಂದಿಗೂ ಚೆನ್ನಾಗಿ ಓಡಿಸುತ್ತೇನೆ, ಬೇಕಾದರೆ ನಿಮಗೂ ಕಲಿಸಬಲ್ಲೆ. ಹೊಸ ಬ್ಯಾಟರಿ ಹಾಕಿಸಿದೆ. ದಂಡ ನಿಂತು, ಇಂಜಿನ್ ಆರಿ, ಕೀ ನನ್ನ ಜೇಬಿಗೆ ಬರುವವರೆಗೆ ಯಾರನ್ನೂ ಯಂತ್ರದ ಹತ್ತಿರ ಬಿಡುವುದಿಲ್ಲ. ಕಂಬಳಿ, ಟವೆಲ್ಲು, ಸೆರಗು ಎಲ್ಲ ಬದುವಿನ ಮೇಲಿಟ್ಟು ಅಥವಾ ಬಿಗಿದು ಕಟ್ಟಿ ಬರಬೇಕು. "ಇವನ ಗಾಡಿ ಹತ್ರ ಹೋಗಾಕೆ ಮಡಿ ಉಟ್ಕಬೇಕು" ಎಂದು ಕೂಲಿಯವರು ನಗುತ್ತಾರೆ. ಹಿರಿಯರು ಅವರನ್ನು ಗದರುತ್ತಾರೆ, ತಮ್ಮನನ್ನು ಕಳೆದುಕೊಂಡವನು, ಎಚ್ಚರ ಇರುತ್ತದೆ ಎಂದು. ಆ ಗೌರವವನ್ನೂ ತೆಗೆದುಕೊಂಡೆ. ಕಂಬಳಿ ತೆಗೆಯಿರಿ ಎಂದು ನಾನು ಹೇಳುತ್ತಿದ್ದದ್ದು ಸರಿಯಾದ ಮಾತೇ. ಆದರೆ ಪ್ರತಿ ಸಲ ಹೇಳಿದಾಗಲೂ ತಪ್ಪನ್ನು ಕಂಬಳಿಯ ಮೇಲೆ, ಅದನ್ನು ಹೊದಿಸಿದವಳ ಮೇಲೆ ಇನ್ನಷ್ಟು ಗಟ್ಟಿಯಾಗಿ ಹೊರಿಸುತ್ತಿದ್ದೆ. ಮುಚ್ಚಳದ ಮಾತು ಮಾತ್ರ ಒಂದು ದಿನವೂ ಎತ್ತಲಿಲ್ಲ.

ಈಗ ಈರಣ್ಣನ ಮಗಳು ಸುಮಳ ಮದುವೆ ರಾಂಪುರದ ಹುಡುಗನ ಜೊತೆ ಗೊತ್ತಾಗಿದೆ. ನಮ್ಮಲ್ಲಿ ಮದುವೆ ಶಾಸ್ತ್ರಕ್ಕೆ ಕಂಬಳಿ ಹಾಸಲೇಬೇಕು. ಹೊಸ ಕಂಬಳಿ ಕೊಂಡು ತಂದು ಲಕ್ಷ್ಮವ್ವನ ಕೈಗೆ ಕೊಡಲು ಹೋದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ನೀವೇ ಒಳಗಿಡ್ರಿ ಭಾವ. ನಾ ಮುಟ್ಟಲ್ಲ. ಮಗಳ ಬಾಳು ಐತೆ."

ಅಲ್ಲೇ, ಆ ಅಂಗಳದಲ್ಲೇ ಹೇಳಿದೆ. ಮುಚ್ಚಳ, ಲಿವರ್, ನಾನು ಕೂಗಿದ ಮಾತು, ಜಾಲಿಯ ಬುಡ — ಒಂದನ್ನೂ ಬಿಡದೆ. ಅವಳು ಅಳಲಿಲ್ಲ. ತನ್ನ ಎರಡು ಕೈಗಳನ್ನೇ ನೋಡುತ್ತಾ ನಿಂತಳು. ಆಮೇಲೆ ಕೇಳಿದಳು:

"ಅತ್ತೆಗೆ ಗೊತ್ತೈತಾ?"

ಇಲ್ಲವೆಂದೆ.

"ನಡೀರಿ. ನನ್ನ ಮುಂದೇನೆ ಹೇಳ್ರಿ."

ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಒಬ್ಬ ಮಗನಿಂದ ಇನ್ನೊಬ್ಬ ಮಗ ಸತ್ತ ಎಂದು ಈ ವಯಸ್ಸಿನಲ್ಲಿ ಹೇಳಬೇಕೇ ಎಂದು ಇಷ್ಟು ವರ್ಷ ನನಗೆ ನಾನೇ ಕೇಳಿಕೊಂಡಿದ್ದೆ, ಅವಳ ಮೇಲಿನ ಕರುಣೆ ಅಂದುಕೊಂಡು. ಅದು ನನ್ನ ಮೇಲಿನ ಕರುಣೆಯಾಗಿತ್ತು. ಹೇಳಿದೆ. ಅವ್ವ ಪೂರ್ತಿ ಕೇಳಿದಳು.

"ನಿಲ್ಲಿಸಬೋದಿತ್ತಾ?"

"ಹೂಂ ಅವ್ವ."

"ಕೈಗೆ ಸಿಗ್ತಿತ್ತಾ?"

"ಸಿಗ್ತಿತ್ತು."

ಅವ್ವ ಬಾಗಿಲ ಕಡೆ ತಿರುಗಿ, "ಲಕ್ಷ್ಮವ್ವ, ಬಾ, ಕೂತ್ಕೋ" ಅಂದಳು. ನನ್ನನ್ನು ಕೂರು ಅನ್ನಲಿಲ್ಲ. ಅಂದಿನಿಂದ ಅವ್ವ ನನ್ನೊಡನೆ ಮಾತಾಡಿಲ್ಲ. ಮಾತಾಡಿಸಿ ಎಂದು ನಾನು ಯಾರಲ್ಲೂ ಕೇಳಿಕೊಂಡಿಲ್ಲ, ಕೇಳಿಕೊಳ್ಳುವುದೂ ಇಲ್ಲ.

ಇನ್ನು ಸುಮ ಉಳಿದಿದ್ದಾಳೆ. ಬಟ್ಟೆ ಹೊಲಿಸಲು ನಾನು ಹೇಳುವ ಮೊದಲೇ ಚಳ್ಳಕೆರೆಗೆ ಹೋದವಳು ಇವತ್ತು ಸಂಜೆಯ ಬಸ್ಸಿಗೆ ಬರುತ್ತಾಳೆ. ಅಪ್ಪನಿಲ್ಲದ ಮಗಳಿಗೆ ದೊಡ್ಡಪ್ಪನಾದ ನಾನೇ ನಿಂತು ಧಾರೆ ಎರೆಯಬೇಕೆಂದು ಎರಡೂ ಮನೆಯವರು ಒಪ್ಪಿದ್ದಾರೆ. ಬಸ್ ಸ್ಟಾಪಿಗೆ ಹೋಗಿ, ದಾರಿಯಲ್ಲಿ ನಡೆಯುತ್ತಾ ಅವಳಿಗೂ ಎಲ್ಲವನ್ನೂ ಹೇಳುತ್ತೇನೆ. ಕೇಳಿದ ಮೇಲೆ ಅವಳು ಧಾರೆಗೆ ನಿಲ್ಲಬೇಡ ಅಂದರೆ, ನಿಲ್ಲುವುದಿಲ್ಲ.