ತಮ್ಮನ ಮನೆಯ ಬಾಡಿಗೆ

ಆ ಬಾಡಿಗೆ ನನ್ನದು, ಅಕ್ಕಾ. ನಿನ್ನ ಖಾತೆಗೆ ಹಾಕಿಸಿದವನು ನಾನು, ನಿನ್ನದೆಂದು ತೆರಿಗೆಯವರ ಮುಂದೆ ಹೇಳಿದವನೂ ನಾನೇ — ನಿನಗೆ ಮಾತ್ರ ಅದರಲ್ಲಿ ಏನೂ ದಕ್ಕಲಿಲ್ಲ.

ಕಾಗದದ ಕಾರ್ಖಾನೆಯ ಕೆಲಸ ಬಿಟ್ಟು ಮಸ್ಕತ್‌ಗೆ ಹೊರಟಾಗ, ನಾನು ಕಟ್ಟಿಸಿದ ದಾಂಡೇಲಿಯ ಮನೆಯ ಕೀಲಿ ನಿನ್ನ ಕೈಗಿಟ್ಟೆ. ಭಾವ ತೀರಿಕೊಂಡ ಮೇಲೆ ನೀನು ಹಳಿಯಾಳದಿಂದ ಬಂದು ಹಿತ್ತಿಲ ಕೋಣೆಯಲ್ಲಿದ್ದೆ. ಮುಂಭಾಗದ ಮನೆಯನ್ನು ನಾನು, ನದಿಯಲ್ಲಿ ರಾಫ್ಟಿಂಗ್‌ಗೆಂದು ಬರುವವರಿಗೆ ಒಂದೆರಡು ದಿನದ ಮಟ್ಟಿಗೆ ಕೊಡತೊಡಗಿದೆ. ಅವರ ಹಾಸಿಗೆ ಒಗೆದವಳು ನೀನು, ಚಹಾ ಕಾಸಿದವಳು ನೀನು. ಅವರು ಹೋದ ಸಂಜೆ ಒಳಗೆ ಹೋಗಿ ದೀಪ ಹಚ್ಚಿ, ಮನೆ ಬಿಕೋ ಎನ್ನದಂತೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆಯಂತೆ.

ಮಸ್ಕತ್‌ನಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಕಣ್ಣು ಮುಚ್ಚಿದರೆ ಆ ದೀಪ ಕಾಣುತ್ತಿತ್ತು. ನದಿಯ ಮಂಜು ಕಿಟಕಿಯಿಂದ ಒಳಗೆ ಬಂದು ಕೋಣೆಯಿಂದ ಕೋಣೆಗೆ ನಡೆದಾಡುತ್ತಿತ್ತು. ಗುರುತಿಲ್ಲದ ಯಾರೋ ನನ್ನ ಮಂಚದಲ್ಲಿ ಮಲಗಿರುತ್ತಿದ್ದರು, ನಾನು ಹೊಸ್ತಿಲಲ್ಲಿ ನಿಂತಿರುತ್ತಿದ್ದೆ — ಒಳಗೆ ಕರೆಯುವವರಿಲ್ಲದೆ. ಎಚ್ಚರವಾದಾಗ ಊರು ಬೇಕೆನಿಸುತ್ತಿತ್ತು. ಊರಿಗೆ ಕಟ್ಟಬೇಕಾದ ತೆರಿಗೆ ಮಾತ್ರ ಬೇಡವಾಗಿತ್ತು. ಪರದೇಶದಲ್ಲಿ ದುಡಿದರೂ ಇಲ್ಲಿನ ಬಾಡಿಗೆಗೆ ಇಲ್ಲೇ ತೆರಿಗೆ ಕಟ್ಟಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಿನಗೆ ಬೇರೆ ವರಮಾನವಿರಲಿಲ್ಲವಲ್ಲ — ನಿನ್ನ ಹೆಸರಿಗೆ ಬಂದರೆ ತೆರಿಗೆ ತಪ್ಪುತ್ತದೆ ಎಂದುಕೊಂಡೆ. ದುಡ್ಡು ನಿನ್ನ ಖಾತೆಗೆ ಬಿದ್ದ ಕೂಡಲೇ ಅಷ್ಟನ್ನೂ ನನ್ನ ಖಾತೆಗೆ ವರ್ಗಾಯಿಸಿಕೊಳ್ಳುತ್ತಿದ್ದೆ. ಬುದ್ಧಿವಂತನಲ್ಲವೇ ನಾನು.

ತೆರಿಗೆ ಕಚೇರಿಯವರು ವಿಚಾರಣೆಗೆ ಬಂದ ದಿನ ನೀನು ನನಗೆ ಫೋನ್ ಹಚ್ಚಿ ಅವರ ಎದುರಿಗಿಟ್ಟೆ. ಈ ಮನೆ ಯಾರದು, ಬಾಡಿಗೆ ಯಾರದು ಎಂದು ಅವರು ಕೇಳಿದರು. ನೀನು ತಡವರಿಸಲಿಲ್ಲ.

“ತಮ್ಮನ ಮನಿ ಅಂದ್ರ ನಂದ ಅಲ್ಲೇನ್ರಿ? ಪಂಚಮಿಗೆ ಮತ್ತೆಲ್ಲಿ ಹೋಗ್ಲಿ ನಾ?”

ತವರು ತನ್ನದೆನ್ನುವ ಹೆಣ್ಣುಮಗಳ ಅಭಿಮಾನದ ಮಾತು ಅದು. ಅವರಿಗೆ ಬೇಕಿದ್ದದ್ದು, ಕಾಗದದ ಮೇಲೆ ಅದು ಯಾರದೆಂಬ ಉತ್ತರ. ತಿದ್ದಬೇಕಾದವನು ನಾನಿದ್ದೆ, ಕಿವಿಗೆ ಫೋನ್ ಒತ್ತಿಕೊಂಡು —

“ಹೌದ್ರಿ. ಮನಿ ಅಕ್ಕನ ಸುಪರ್ದಿಗೆ ಬಿಟ್ಟೇನಿ. ಬಾಡಿಗಿ ಎಲ್ಲಾ ಅಕಿದಽ” ಎಂದೆ.

ನೀನು ಆ ಕಡೆ ನಕ್ಕದ್ದು ಕೇಳಿಸಿತು. ತಮ್ಮ ಎಲ್ಲರೆದುರು ಒಪ್ಪಿಕೊಂಡನೆಂಬ ಸಂತೋಷ.

ಈ ಸಲ ರಜೆಗೆ ಬಂದಾಗ ತಿಳಿಯಿತು. ಅಷ್ಟು ವರಮಾನವಿರುವವಳಿಗೆ ಪಡಿತರವೇಕೆಂದು ನಿನ್ನ ಕಾರ್ಡು ರದ್ದಾಗಿದೆ, ವಿಧವಾ ವೇತನವೂ ನಿಂತಿದೆ. ನೀನು ಅಂಗಡಿಯಿಂದ ಅಕ್ಕಿ ತಂದು ಒಂದೇ ಹೊತ್ತು ಮಾಡಿಕೊಳ್ಳುತ್ತಿದ್ದೀಯೆಂದು ಪಕ್ಕದ ಮನೆಯವರು ಹೇಳಿದರು. ಕೇಳಿದರೆ, “ಇರ್ಲಿ ಬಿಡೋ, ವಯಸ್ಸಾತು, ರಾತ್ರಿ ಉಂಡ್ರ ಜಡ ಆಗ್ತೈತಿ” ಎಂದೆ. ನನ್ನ ತಾಟಿಗೆ ಮಾತ್ರ ಎರಡನೇ ರೊಟ್ಟಿ ಹಾಕಿದೆ. ನಾನು ತಿಂದೆ. ಅದು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಾಳೆ ಹುಬ್ಬಳ್ಳಿಯ ತೆರಿಗೆ ಕಚೇರಿಗೆ ಹೋಗುತ್ತಿದ್ದೇನೆ. ಬಾಕಿ, ದಂಡ, ಏನೇ ಬರಲಿ, ನನ್ನ ತಲೆಯ ಮೇಲೆ ಬರಲಿ. ಆದರೆ ನಿನ್ನ ಅನ್ನ ನಿನಗೆ ಮರಳಬೇಕಾದರೆ ಅಲ್ಲಿ ನಾನು ಒಂದು ಮಾತು ಹೇಳಲೇಬೇಕು: ಆ ಮನೆಯಲ್ಲಿ ಅಕ್ಕನಿಗೆ ಏನೂ ಇಲ್ಲ, ಎಲ್ಲ ನನ್ನದು.

ನೀನೂ ಬರುತ್ತೇನೆಂದಿದ್ದೀಯೆ. ಮನೆಯ ಕೆಲಸವೆಂದರೆ ತಾನಿಲ್ಲದೆ ಹೇಗೆ ಎನ್ನುತ್ತ ಸೀರೆ ತೆಗೆದಿಟ್ಟಿದ್ದೀಯೆ. ಆ ಮಾತು ಆಡುವಾಗ ನೀನು ನನ್ನ ಪಕ್ಕದಲ್ಲೇ ಕೂತಿರುತ್ತೀಯೆ, ಅಕ್ಕಾ.