ಪಾರ್ಸಲ್ ಕಟ್ಟುವ ಕೈ

ಎಂಜಲು ಕಂಡರೆ ನನಗೆ ಆಗುವುದಿಲ್ಲ. ಚಿಕ್ಕಂದಿನಿಂದಲೂ ಅಷ್ಟೆ. ಇನ್ನೊಬ್ಬರು ಕಚ್ಚಿ ಕುಡಿದ ಲೋಟ ಮುಟ್ಟಿದರೆ ಹೊಟ್ಟೆ ತೊಳಸುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಬೆರಳು ನೆಕ್ಕಿ ಟಿಕೆಟ್ ಹರಿದುಕೊಟ್ಟರೆ ಅದನ್ನು ಉಗುರಿನ ತುದಿಯಲ್ಲಿ ಹಿಡಿದುಕೊಂಡು ನಮ್ಮ ಸ್ಟಾಪ್ ಬರುವವರೆಗೂ ಕೂತಿರುತ್ತೇನೆ. ಇಂಥವಳು ಧರ್ಮಪುರಿ ಬಸ್ ಸ್ಟ್ಯಾಂಡಿನ ಪಕ್ಕದ ಬೀದಿಯಲ್ಲಿ ಟಿಫನ್ ಅಂಗಡಿ ನಡೆಸುತ್ತಿದ್ದೇನೆ ಎಂದರೆ ನಿಮಗೆ ನಗು ಬರಬಹುದು. ನಗಿ, ಬೇಡ ಅನ್ನುವುದಿಲ್ಲ. ಊರಿನವರೆಲ್ಲ ತಿಂದು ಬಿಟ್ಟ ಎಲೆ ಎತ್ತುವುದೇ ನನ್ನ ಹೊಟ್ಟೆಪಾಡು.

ಅಂಗಡಿಯಲ್ಲಿ ನಾವು ಮೂರೇ ಜನ. ನಮ್ಮನೆಯವರು ದೋಸೆ ಕಲ್ಲಿನ ಮುಂದೆ, ನಾನು ಗಲ್ಲಾದಲ್ಲಿ, ನನ್ನ ಅಕ್ಕ ಪಾರ್ಸಲ್ ಮೇಜಿನಲ್ಲಿ. ಬೆಂಗಳೂರಿನ ಬಸ್ಸು, ಸೇಲಂ ಬಸ್ಸು ಹಿಡಿಯುವ ಗಡಿಬಿಡಿಯವರೇ ನಮ್ಮ ಗಿರಾಕಿಗಳು. ಅವರಿಗೆ ಕೂತು ತಿನ್ನಲು ಪುರುಸೊತ್ತಿಲ್ಲ. ಹಾಗಾಗಿ ಅಂಗಡಿ ನಡೆಯುವುದು ಅಕ್ಕನ ಕೈಯಿಂದ ಎಂದರೂ ತಪ್ಪಲ್ಲ.

ಆ ಕೈಯ ವಿಷಯವನ್ನೇ ಹೇಳಬೇಕು. ನಾವು ಸೇಲಂನ ನೇಕಾರರ ಮನೆಯವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಮದುವೆಯಾಗಿ ಮಗ್ಗದಿಂದ ತಪ್ಪಿಸಿಕೊಂಡೆ, ಅಕ್ಕ ಅದರಲ್ಲೇ ಉಳಿದಳು. ಮಗ್ಗದಲ್ಲಿ ಹಾಸಿನ ಎಳೆ ಕಿತ್ತುಹೋದರೆ ನೇಯುವವಳ ಬೆರಳು ತಾನಾಗಿ ನಾಲಿಗೆಗೆ ಹೋಗುತ್ತದೆ. ಬೆರಳಿಗೆ ಎಂಜಲು ತಗಲಿಸಿಕೊಂಡು, ಕಿತ್ತ ಎರಡು ತುದಿಗಳನ್ನು ಹೊಸೆದರೆ ಎಳೆ ಮತ್ತೆ ಕೂಡಿಕೊಳ್ಳುತ್ತದೆ. ದಿನವೆಲ್ಲ ಅದೇ ಕೆಲಸ. ಭಾವ ತೀರಿಕೊಂಡು, ಮಗ್ಗವೂ ನಿಂತು, ನಾನು ಅವಳನ್ನು ಇಲ್ಲಿಗೆ ಕರೆತಂದಾಗ ಅಕ್ಕ ಸೇಲಂನಲ್ಲಿ ಪಾತ್ರೆಪಗಡಿ ಎಲ್ಲ ಬಿಟ್ಟು ಬಂದಳು, ಈ ಒಂದು ಅಭ್ಯಾಸವನ್ನು ಮಾತ್ರ ಬಿಟ್ಟು ಬರಲಿಲ್ಲ. "ನಿನ್ ಮನ್ಯಾಗೆ ಬಿಟ್ಟಿ ಕೂಳು ತಿನ್ನಕ್ಕೆ ಬರಲ್ಲ ಲೇ, ಕೆಲ್ಸ ಕೊಟ್ರೆ ಬತ್ತೀನಿ" ಎಂದಿದ್ದಳು. ನಾನು ಪಾರ್ಸಲ್ ಮೇಜು ಕೊಟ್ಟೆ.

ಪಾರ್ಸಲ್ ಪೇಪರು ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಸಾಂಬಾರ್ ಹಾಕುವ ಪ್ಲಾಸ್ಟಿಕ್ ಕವರಿನ ಬಾಯಂತೂ ಸುಲಭಕ್ಕೆ ಬಿಡುವುದೇ ಇಲ್ಲ. ಅಕ್ಕ ನಾಲಿಗೆಗೆ ಬೆರಳು ಮುಟ್ಟಿಸುತ್ತಾಳೆ, ಪೇಪರು ಎಳೆಯುತ್ತಾಳೆ, ಇಡ್ಲಿ ಇಡುತ್ತಾಳೆ. ಮತ್ತೆ ನಾಲಿಗೆಗೆ ಬೆರಳು. ಕವರು ಬಿಡಿಸುತ್ತಾಳೆ, ಅದರೊಳಗೆ ಬಾಯಿಂದ ಉಫ್ ಎಂದು ಊದುತ್ತಾಳೆ, ಸಾಂಬಾರ್ ಸುರಿಯುತ್ತಾಳೆ. ಥೂ! ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. "ಆಯ್ತು ಬುಡು" ಅನ್ನುವಳು. ಆ ಮಾತು ಮುಗಿಯುವುದರೊಳಗೆ ಬೆರಳು ಮತ್ತೆ ಬಾಯಲ್ಲಿ.

ಒಂದು ಬೆಳಿಗ್ಗೆ ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಇದನ್ನು ನೋಡಿಬಿಟ್ಟಳು. ಪಾರ್ಸಲನ್ನು ಮೇಜಿನ ಮೇಲೆ ಕುಕ್ಕಿ, ನೀವೇ ತಿನ್ನಿ ಎಂದು ತಮಿಳಿನಲ್ಲಿ ಉಗಿದು ಬಸ್ಸು ಹತ್ತಿದಳು. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೇ ದೂರು ಕೊಟ್ಟಳೆಂದು ಕಾಣುತ್ತದೆ. ವಾರ ಕಳೆಯುವ ಮೊದಲೇ ಆಹಾರ ಸುರಕ್ಷತೆಯ ಆಫೀಸರ್ ಅಂಗಡಿಗೆ ಬಂದರು. ನಮ್ಮ ಲೈಸೆನ್ಸಿನ ಅವಧಿಯೂ ಮುಗಿಯುತ್ತ ಬಂದಿತ್ತು. ಬಂದವರು ಮುಚ್ಚಳವಿಲ್ಲದ ಹಿಟ್ಟಿನ ಬಕೆಟ್ ನೋಡಿದರು, ಕಸದ ಡಬ್ಬ ನೋಡಿದರು, ಕೊನೆಗೆ ಒಂದು ಮೂಲೆಯಲ್ಲಿ ನಿಂತು ಅಕ್ಕನನ್ನೇ ನೋಡಿದರು. ಅವಳೋ, ಆಫೀಸರ್ ನೋಡುತ್ತಿದ್ದಾರೆ ಎಂಬ ಗಾಬರಿಗೆ ಇನ್ನೂ ಜೋರಾಗಿ ನೆಕ್ಕಿದಳು.

ಅವರು ಹೇಳಿದ್ದು ಇಷ್ಟು. ತಿಂಡಿ ಮುಟ್ಟುವವರೆಲ್ಲ ಡಾಕ್ಟರ ಸರ್ಟಿಫಿಕೇಟ್ ತರಬೇಕು, ಒಂದು ದಿನದ ಟ್ರೈನಿಂಗಿಗೆ ಹೋಗಬೇಕು. ಆಮೇಲೆ ಅವರು ಮತ್ತೆ ಬರುತ್ತಾರೆ. ಆಗಲೂ ಈ ಅಮ್ಮನ ಬೆರಳು ಬಾಯಿಗೆ ಹೋದರೆ ಲೈಸೆನ್ಸ್ ಮುಂದುವರಿಯುವುದಿಲ್ಲ, ಇಲ್ಲವೇ ಈಕೆಯನ್ನು ಅಂಗಡಿಯಿಂದಲೇ ಕಳಿಸಬೇಕು. ಅಕ್ಕನಿಗೆ ತಮಿಳು ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಅವರು ಹೋದ ಮೇಲೆ ನನ್ನನ್ನು ಕೇಳಿದಳು, "ನನ್ನ ಓಗು ಅಂದ್ರಾ?"

"ನೆಕ್ಕಿದ್ರೆ ಓಗ್ಬೇಕಂತೆ" ಎಂದೆ.

ಟ್ರೈನಿಂಗ್ ಇದ್ದದ್ದು ಅದಿಯಮಾನ್‌ಕೋಟೆ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನ ಅಲ್ಲಿ ಯಾರದೋ ಮದುವೆ ನಡೆದಿತ್ತು. ಬಾಡಿದ ಹೂವು, ಹುಳಿಹಿಡಿದ ಪಾಯಸ, ಫಿನಾಯಿಲ್ ಮೂರೂ ಬೆರೆತ ವಾಸನೆ ಬಾಗಿಲಲ್ಲೇ ಮೂಗಿಗೆ ಹೊಡೆಯಿತು. ಟ್ರೈನರ್ ಸಾರ್ ಒಳ್ಳೆಯ ಮಾತುಗಾರ. ತಲೆಗೆ ಟೋಪಿ, ಕೈಗೆ ಗ್ಲೌಸ್, ಕತ್ತರಿಸಿಕೊಂಡ ಉಗುರು, ಹಸಿ ಬೇರೆ ಬೆಂದದ್ದು ಬೇರೆ, ಕೆಮ್ಮು ಬಂದರೆ ಮೊಣಕೈಗೆ, ಎಲ್ಲವನ್ನೂ ಪರದೆಯ ಮೇಲೆ ಚಿತ್ರ ಹಾಕಿ ತೋರಿಸಿದರು. ಬೆರಳು ನೆಕ್ಕಿ ಕವರು ಬಿಡಿಸುವ ಚಿತ್ರ ಬಂದಾಗ ನಾನು ಅಕ್ಕನ ತೊಡೆ ಚಿವುಟಿದೆ. ಅವಳು ಸೀರೆಯ ಸೆರಗಿನಲ್ಲಿ ಕೈ ಮುಚ್ಚಿಟ್ಟುಕೊಂಡು ಕೂತಿದ್ದಳು.

ಕೈ ತೊಳೆಯುವ ಕ್ರಮವನ್ನು ನಮ್ಮೆಲ್ಲರ ಕೈಯಲ್ಲೂ ಗಾಳಿಯಲ್ಲೇ ಮಾಡಿಸಿದರು. ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು. ಊಟಕ್ಕೆ ಬಿಟ್ಟಾಗ ನಿಜವಾಗಿ ಕೈ ತೊಳೆಯಲು ಹೋದರೆ ಅಲ್ಲಿ ಸೋಪೇ ಇಲ್ಲ. ತೊಟ್ಟಿಯ ತೂತಿಗೆ ನಿನ್ನೆಯ ಮದುವೆಯ ಅನ್ನ ಸಿಕ್ಕಿಕೊಂಡು ನೀರು ಮಡುಗಟ್ಟಿತ್ತು, ಅದರ ಮೇಲೆ ಯಾರೋ ಉಗಿದ ಎಲೆ ಅಡಿಕೆ ತೇಲುತ್ತಿತ್ತು. ಪಕ್ಕದಲ್ಲಿ ಒಬ್ಬ ಬೇಕರಿಯವನು ಅಂಗೈಗೇ ಸೀನಿ, ಅದೇ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪಿನಿಂದ ಒಂದು ಕಿತ್ತುಕೊಂಡ. ಬಡಿಸುವವನ ಹೆಬ್ಬೆರಳು ಸಾಂಬಾರಿನಲ್ಲಿ ಮುಳುಗಿತ್ತು. ಟೀ ತಂದವನು ನಾಲ್ಕು ಲೋಟದೊಳಗೆ ನಾಲ್ಕು ಬೆರಳು ಇಳಿಬಿಟ್ಟು ಎತ್ತಿಕೊಂಡು ಬಂದ. ನಾನು ಒಂದು ತುತ್ತೂ ತಿನ್ನಲಿಲ್ಲ. ಅಕ್ಕ ಚೆನ್ನಾಗಿ ತಿಂದು, "ಉಪ್ಪು ಕಮ್ಮಿ" ಎಂದಳು.

ಸಂಜೆ ಸರ್ಟಿಫಿಕೇಟ್ ಕೊಟ್ಟರು. ಹೊಸ ಕಾಗದ, ಒಂದಕ್ಕೊಂದು ಅಂಟಿಕೊಂಡಿತ್ತು. ಟ್ರೈನರ್ ಸಾರ್ ಕಟ್ಟನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಒಂದೊಂದೇ ಎಳೆದು, ನಗುನಗುತ್ತ ಫೋಟೋಗೆ ನಿಂತು ಕೊಟ್ಟರು. ನನ್ನದರ ಮೂಲೆಯಲ್ಲಿ ಒದ್ದೆ ಗುರುತು ಇತ್ತು. ಸತ್ತ ಜಿರಲೆ ಎತ್ತುವ ಹಾಗೆ ಅದನ್ನು ಎತ್ತಿಕೊಂಡು ವೇದಿಕೆಯಿಂದ ಕೆಳಗಿಳಿದೆ. ಅಕ್ಕ ಮಾತ್ರ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

"ನೋಡ್ದಾ ಲೇ? ಪಾಪ, ಸಾರ್‌ಗೂ ಎಲ್ಲೋ ಎಳೆ ಕಿತ್ಕೊಂಡೈತೆ."

ನನಗೆ ನಗು ಬರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಕಲಿಸುವವನ ಬಾಯಿ ಇಷ್ಟು ಚೆನ್ನ, ಅವನ ಹೆಬ್ಬೆರಳು ಅಷ್ಟು ಹೊಲಸು. ಆದರೆ ಹೋಗಬೇಕಾದವಳು ನಮ್ಮ ಅಕ್ಕ ತಾನೇ, ಆ ಸಾರ್ ಅಲ್ಲವಲ್ಲ.

ಮಾರನೆಯ ದಿನದಿಂದ ನಾನು ಅವಳ ಬೆನ್ನಿಗೆ ಬಿದ್ದೆ. ಮೇಜಿನ ಮೇಲೆ ಬಟ್ಟಲಲ್ಲಿ ನೀರು, ನೀರಲ್ಲಿ ಸ್ಪಂಜು ಇಟ್ಟೆ. ಕೈಗೆ ನೀಲಿ ಗ್ಲೌಸ್, ಬಾಯಿಗೆ ಬಿಳಿ ಮಾಸ್ಕ್. ಆದರೂ ಬೆರಳು ಮಾಸ್ಕಿನವರೆಗೆ ಹೋಗುತ್ತಲೇ ಇತ್ತು. ಮಧ್ಯಾಹ್ನಕ್ಕೆ ಅವಳ ಮಾಸ್ಕಿನ ಮೇಲೆ, ಸರಿಯಾಗಿ ಬಾಯಿಯ ಜಾಗದಲ್ಲಿ, ಸಾಂಬಾರ್ ಚಟ್ನಿ ಸೇರಿ ಹಳದಿ ಬೊಟ್ಟು ಬಿದ್ದಿರುತ್ತಿತ್ತು. ಅದನ್ನು ನೋಡಿಯೇ ನಾನು ಅವಳ ಆ ದಿನದ ಪಾಠ ಎಷ್ಟು ಹದಕ್ಕೆ ಬಂದಿದೆ ಎಂದು ತಿಳಿಯುತ್ತಿದ್ದೆ. ಬೊಟ್ಟು ದಿನದಿಂದ ದಿನಕ್ಕೆ ಚಿಕ್ಕದಾಗುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಗಿರಾಕಿಗಳು ಮುಗಿಬಿದ್ದಿದ್ದರು. ನಮ್ಮನೆಯವರು ದೋಸೆ ಎತ್ತು ಎಂದು ಕೂಗಿದರು. ಓಗೊಡಲು ಅಕ್ಕ ಮಾಸ್ಕ್ ಕೆಳಗೆಳೆದಳು, ಎದುರಿಗೆ ಕವರು ಅಂಟಿಕೊಂಡಿತ್ತು, ಬೆರಳು ಸೀದಾ ನಾಲಿಗೆಗೆ ಹೋಯಿತು, ಗ್ಲೌಸ್ ಸಮೇತ. ನಾನು ಗಲ್ಲಾದಿಂದ ಎದ್ದು ಹೋಗಿ ಅವಳ ಮಣಿಕಟ್ಟು ಹಿಡಿದುಕೊಂಡೆ. ಗಿರಾಕಿಗಳಿಗೂ ಕೇಳಲಿ ಎಂದು ತಮಿಳಿನಲ್ಲೇ ಕೂಗಿದೆ. ನಿನ್ನ ಎಂಜಲನ್ನು ಊರಿಗೆಲ್ಲ ತಿನ್ನಿಸುತ್ತೀಯಾ, ನಿನ್ನನ್ನು ನೋಡಿದರೆ ವಾಂತಿ ಬರುತ್ತದೆ ಎಂದೆ. ಮೊಮ್ಮಗನ ಕೈ ಹಿಡಿದು ನಿಂತಿದ್ದ ಮುದುಕರೊಬ್ಬರು ಹೋಗಲಿ ಬಿಡಮ್ಮ ಎಂದರು. ಯಾಕೆ ಬಿಡಲಿ? ಆ ಇಡ್ಲಿ ಅವರ ಮೊಮ್ಮಗನ ಬಾಯಿಗೆ ಹೋಗುವುದಿತ್ತು.

ಅಕ್ಕ ಆ ಕವರನ್ನು ಕಸದ ಡಬ್ಬಕ್ಕೆ ಹಾಕಿದಳು, ಗ್ಲೌಸ್ ಬದಲಿಸಿದಳು, ಕೆಲಸ ಮುಂದುವರಿಸಿದಳು. ಗದ್ದಲ ಇಳಿದ ಮೇಲೆ ನನ್ನ ಕಡೆ ತಿರುಗದೆ ಹೇಳಿದಳು:

"ನಿನ್ ಮದ್ವೆ ಸೀರೆ ನೇಯ್ದೋಳು ನಾನೇ ಕಣೆ. ಎಷ್ಟ್ ಎಳೆ ಇದೇ ಎಂಜಲಾಗೆ ಒಸೆದಿವ್ನೋ. ಅವತ್ತು ನಿಂಗೆ ವಾಂತಿ ಬರ್ಲಿಲ್ಲ."

"ಸೀರೆ ಉಡ್ತೀವಿ ಅಕ್ಕಾ, ತಿನ್ನಲ್ಲ" ಎಂದೆ.

"ಅದೂ ಸರಿ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು ಎಂದುಕೊಂಡೆ.

ಇಲ್ಲಿ ನಮ್ಮ ಇನ್ನೊಂದು ಪದ್ಧತಿ ಹೇಳಬೇಕು. ಸೇಲಂನಲ್ಲಿ ಅಪ್ಪ ಮಗ್ಗದಿಂದ ಏಳುತ್ತಿರಲಿಲ್ಲ, ಅಮ್ಮ ಅನ್ನ ಕಲಸಿ ತಂದು ಅಪ್ಪನ ಬಾಯಿಗೂ, ಸುತ್ತ ಕೂತ ನಮ್ಮ ಅಂಗೈಗೂ ತುತ್ತು ಹಾಕುತ್ತಿದ್ದಳು. ಅದೇ ರೂಢಿ ಅಂಗಡಿಗೂ ಬಂದಿತ್ತು. ಮಧ್ಯಾಹ್ನ ಬಾಗಿಲು ಎಳೆದ ಮೇಲೆ ಅಕ್ಕ ಉಳಿದ ಅನ್ನಕ್ಕೆ ರಸ ಹಾಕಿ, ಕೈಯಲ್ಲಿ ಹಿಚುಕಿ ಕಲಸಿ, ತುತ್ತು ಮಾಡಿ ನನ್ನ ಅಂಗೈಗೆ ಇಡುತ್ತಿದ್ದಳು. ಇಷ್ಟೆಲ್ಲ ಅಸಹ್ಯಪಡುವ ನಾನು ಅದನ್ನು ಒಂದು ದಿನವೂ ಬೇಡ ಎಂದವಳಲ್ಲ. ತುತ್ತು ಬಾಯಿಗೆ ಬಿದ್ದ ಮೇಲೇ ನನಗೆ ಹಸಿವು ಎಂಬುದು ತಿಳಿಯುತ್ತಿತ್ತು.

ಆಫೀಸರ್ ಹೇಳದೆ ಕೇಳದೆ ಬಂದರು, ಅದೂ ಬೆಂಗಳೂರು ಬಸ್ಸು ಹೊರಡುವ ಹೊತ್ತಿಗೆ. ಮೊದಲಿನ ಮೂಲೆಯಲ್ಲೇ ನಿಂತರು. ನಾನು ಒಬ್ಬರಿಗೆ ಕೊಡಬೇಕಾದ ಚಿಲ್ಲರೆಯನ್ನು ಇನ್ನೊಬ್ಬರಿಗೆ ಕೊಟ್ಟೆ. ಅಕ್ಕ ಅವರತ್ತ ಕಣ್ಣೆತ್ತಿಯೂ ನೋಡಲಿಲ್ಲ. ಸ್ಪಂಜಿಗೆ ಬೆರಳು, ಪೇಪರು, ಇಕ್ಕಳದಲ್ಲಿ ಇಡ್ಲಿ. ಸ್ಪಂಜಿಗೆ ಬೆರಳು, ಕವರು, ಸಾಂಬಾರ್. ಒಂದು ಕವರು ಹಟ ಹಿಡಿಯಿತು. ಅವಳ ಕೈ ಮೇಲೆದ್ದಿತು, ಎದೆಯವರೆಗೆ ಬಂದಿತು. ಅಲ್ಲೇ ನಿಂತಿತು. ಕೆಳಗಿಳಿದು ಮತ್ತೆ ಸ್ಪಂಜಿಗೆ ಹೋಯಿತು. ಆಫೀಸರ್ ತಲೆಯಾಡಿಸಿ, ಪರವಾಗಿಲ್ಲವೇ ಎಂದು ನಕ್ಕು, ಸಹಿ ಹಾಕಿ ಹೋದರು.

ಬಾಗಿಲು ಎಳೆದು ಬಂದು ನಾನು ಅಕ್ಕನ ಎದುರು ಚಕ್ಕಳಮಕ್ಕಳ ಕೂತೆ. "ಗೆದ್ದುಬುಟ್ಟೆ ಕಣಕ್ಕಾ! ನಿನ್ನ ಓಗು ಅನ್ನೋರ್ ಇನ್ನ ಯಾರೂ ಇಲ್ಲ" ಎಂದು ಅಂಗೈ ಚಾಚಿದೆ.

ಅಕ್ಕ ಗ್ಲೌಸ್ ಬಿಚ್ಚಲಿಲ್ಲ. ಎದ್ದು ಹೋಗಿ ತಟ್ಟೆ ತಂದಳು. ಅನ್ನ, ರಸ ಎರಡನ್ನೂ ಬೇರೆ ಬೇರೆ ಸೌಟಿನಲ್ಲಿ ಬಡಿಸಿ, ಒಂದು ಚಮಚ ಇಟ್ಟು ನನ್ನ ಮುಂದಕ್ಕೆ ತಳ್ಳಿದಳು.

"ಇದೇನಕ್ಕಾ? ಕೈಯಾಗೆ ಕೊಡು."

ಅವಳು ಮಾಸ್ಕ್ ಬಿಚ್ಚಿ ನನ್ನ ಕಣ್ಣಿಗೆ ಹಿಡಿದಳು. ಅಚ್ಚ ಬಿಳಿ, ಒಂದು ಚುಕ್ಕೆ ಹಳದಿಯೂ ಇರಲಿಲ್ಲ.

"ನನ್ ಬಾಯ್ಗೇ ಓಗ್ಬಾರ್ದು ಅಂದ ಕೈನ ನಿನ್ ಬಾಯ್ಗೆ ಎಂಗೆ ಆಕ್ಲಿ?" ಎಂದಳು. ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ಟ್ರೈನಿಂಗಿನಲ್ಲಿ ಕಲಿತದ್ದನ್ನು ಒಪ್ಪಿಸುವವಳ ಹಾಗೆ ಹೇಳಿದಳು. "ತಿನ್ನು. ಆರೋಯ್ತದೆ."

ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಚಮಚ ಎತ್ತಿಕೊಂಡೆ. ಚೊಕ್ಕವಾದ ಚಮಚ, ಚೊಕ್ಕವಾದ ತಟ್ಟೆ. ಮೊದಲ ತುತ್ತಿಗೇ ಹೊಟ್ಟೆ ತೊಳಸಿತು.